ಎಡಗೈ ಹಾಪ್ಸ್, ಬಲಗೈ ಹಾಪ್ಸ್

ಮಿರ್ಜಾನದ ವಿನೋದನ ಮೂಗಿನ ಬಗ್ಗೆ ಊರಲ್ಲಿ ಎರಡು ಮಾತಿಲ್ಲ. ಬಂಗಡೆ ನಿನ್ನೆಯದೋ ಇವತ್ತಿನದೋ ಅಂತ ಬುಟ್ಟಿ ಇಳಿಸುವ ಮೊದಲೇ ಹೇಳಿ, ಮೀನು ಮಾರುವವರ ಹತ್ತಿರ ಬೈಸಿಕೊಂಡವ ಅವ. ಅದೇ ಮೂಗು ಗೋವೆಯ ಸಣ್ಣ ಬಿಯರ್ ಕಾರ್ಖಾನೆಯಲ್ಲಿ ಅವನಿಗೆ ಅನ್ನ ಕೊಟ್ಟಿತು. ಬಾಟಲಿ ತೊಳೆಯಲು ಹೋದವ ಎಂಟು ವರ್ಷದಲ್ಲಿ ಬಿಯರು ಕುದಿಸುವ ಹಂಡೆಯ ಪಕ್ಕ ಬಂದು ನಿಂತ.

ಈ ಸಲ ರಜೆಗೆ ಹೊರಟಾಗ ಮಾಲಕ ಮೋಹನಣ್ಣ ಅವನ ಕೈಗೆ ಎರಡು ಪೊಟ್ಟಣ ಕೊಟ್ಟ. ಒಳಗೆ ಹಾಪ್ಸ್, ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಒಣ ಹೂವು. ಎರಡೂ ಹೊಸ ತಳಿ, ಹೆಸರೇ ಇಟ್ಟಿಲ್ಲ, ನಂಬರು ಮಾತ್ರ.

"ನಿಂಬೆ ಪರಿಮಳದ್ದನ್ನು ಆರಿಸು. ನೀ ಹೇಳಿದ್ದನ್ನೇ ತರಿಸ್ತೆ. ಹೊಸ ಬಿಯರು ಪೂರ್ತಿ ನಿನ್ನ ಜವಾಬ್ದಾರಿ."

ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಕೈ ತೊಳೆದು ವಿನೋದ ಊರಮನೆಯ ಜಗಲಿಯಲ್ಲಿ ಕೂತ. ಪರಿಮಳ ಬೆರೆಯಬಾರದು ಅಂತ ಅವನದೊಂದು ಪದ್ಧತಿ: ಒಂದನೇದನ್ನು ಎಡಗೈಯಲ್ಲಿ, ಎರಡನೇದನ್ನು ಬಲಗೈಯಲ್ಲಿ ತಿಕ್ಕಿ ಮೂಸುವುದು. ಎಡಗೈ ಅಡ್ಡಿಲ್ಲ ಅನ್ನಿಸಿತು. ಬಲಗೈ? ಅಬ್ಬಬ್ಬಾ, ಮೂಗಿನೊಳಗೇ ನಿಂಬೆ ಹಿಂಡಿದ ಹಾಗೆ! ಕೂಡಲೇ ಫೋನ್ ಮಾಡಿದ. "ಮೋಹನಣ್ಣ, ಎರಡನೇದು. ಕಣ್ಣುಮುಚ್ಚಿ ತರಿಸು."

"ಎಂತದೋ ಅದು?" ತಾಯಿ ಗಂಗಿ ಬಂದು ಅವನ ಬಲಗೈ ಎಳೆದು ಮೂಸಿದಳು. ಮೂಸಿದವಳೇ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಮಳ್ಳ! ಇದು ಬಂಗಡೆ ಸಾರಿನ ತೆಪ್ಪಲ ಅಲ್ಲನೋ! ನೀನೇ ಜಜ್ಜಿ ಕೊಟ್ಟೆ, ಅದೇ ಕೈಯಲ್ಲಿ ಮೂರು ಸಲ ಬಡಿಸಿಕೊಂಡು ಉಂಡೆ!"

ವಿನೋದ ಇಂಗು ತಿಂದ ಮಂಗನಾದ. ಪೊಟ್ಟಣಕ್ಕೇ ಮೂಗಿಟ್ಟು ನೋಡಿದರೆ ಎರಡನೇದು ಬರೀ ಒಣಹುಲ್ಲು. ಒಂದನೇದರಲ್ಲಿ ನಿಂಬೆಸಿಪ್ಪೆಯ ಪರಿಮಳ ಸಣ್ಣಗೆ, ಆದರೆ ಖರೇ ಇತ್ತು. ಮೀನುಸಾರಿಗೆ ಹಾಕುವ, ನಿಂಬೆಯ ಹಾಗೆ ಘಮ್ಮೆನ್ನುವ ತೆಪ್ಪಲದ ಕಾಯಿ ಮುಟ್ಟಿದ ಕೈ ಸೋಪಿಗೆಲ್ಲ ಬಗ್ಗುವುದಿಲ್ಲ, ಕರಾವಳಿಯಲ್ಲಿ ಹುಟ್ಟಿದವನಿಗೆ ಇಷ್ಟೂ ನೆನಪಾಗಬಾರದೇ! ಎಂಟು ವರ್ಷದ ಹೆಸರು ಒಂದು ಊಟಕ್ಕೆ ಹೋಯಿತಲ್ಲ ಅಂತ ಅವನಿಗೆ ಅಳುವೇ ಬಂತು. ಸುಮ್ಮನಿದ್ದುಬಿಡಲೇ ಅಂತಲೂ ಅನ್ನಿಸಿತು. ಆದರೆ ಹುಲ್ಲಿನ ಬಿಯರು ಕುದಿಸಬೇಕಾದವನೂ ಅವನೇ ತಾನೆ? ಮತ್ತೆ ಫೋನ್ ಹಚ್ಚಿದ.

"ಮೋಹನಣ್ಣ, ತಪ್ಪಾತು. ನಾ ಮೂಸಿದ್ದು ಮೀನುಸಾರಿಗೆ ತೆಪ್ಪಲ ಜಜ್ಜಿದ ಕೈ. ಒಂದನೇದು ತರಿಸು."

ಆ ಕಡೆಯಿಂದ ಫೋನು ಒಡೆಯುವಷ್ಟು ನಗು. "ಆತು, ಒಂದನೇದೇ ತರಿಸ್ತೆ. ಬಿಯರು ನಿಂದೇ. ಬರುವಾಗ ಆ ತೆಪ್ಪಲ ಕಾಲು ಕಿಲೋ ತಾ, ಅದನ್ನೂ ಹಾಕಿ ನೋಡುವ."

"ಹೆಂಡಕ್ಕೆ ನನ್ನ ತೆಪ್ಪಲವೋ? ಒಂದು ಕಾಳೂ ಕೊಡುದಿಲ್ಲ!" ಅನ್ನುತ್ತ ಒಳಗೆ ಹೋದ ಗಂಗಿ, ಡಬ್ಬಿ ತಂದು ಅರ್ಧ ಕಿಲೋ ಕಟ್ಟಿದಳು.