ಹುಣ್ಣಿಮೆಯ ಹನ್ನೆರಡು ಗಂಟೆಯ ನೀರು

ಐರೋಲಿ ಸೇತುವೆಯ ಮೇಲೆ ಬಸ್ಸು ಬರುವಾಗ ಕೆಳಗೆ ಕಡಲ ನೀರಿಗೆ ಇಳಿತದ ಹೊತ್ತಾಗಿದ್ದರೆ, ಕಿಟಕಿಯಿಂದ ಒಂದು ವಾಸನೆ ಒಳಗೆ ನುಗ್ಗುತ್ತದೆ. ಉಪ್ಪು, ಕೊಳೆತ ಎಲೆ, ಬಿಸಿಲಿಗೆ ಬಿದ್ದ ಕಪ್ಪು ಕೆಸರು ಎಲ್ಲ ಸೇರಿದ ವಾಸನೆ. ಬಸ್ಸಿನವರು ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ. ನನ್ನ ಮಗಳು "ಮಮ್ಮಿ, ಖಿಡಕಿ ಬಂದ್ ಕರ್ ನಾ" ಎಂದು ಕಿಟಕಿ ಮುಚ್ಚಲು ಗೋಗರೆಯುತ್ತಾಳೆ. ನಾನು ಮಾತ್ರ ಆಸೆಬುರುಕಿಯ ಹಾಗೆ ಎದೆ ತುಂಬ ಎಳೆದುಕೊಳ್ಳುತ್ತೇನೆ. ಬೇರೆಯವರು ಮುಖ ಸಿಂಡರಿಸುವ, ನಿಮಗೆ ಮಾತ್ರ ಮನೆ ನೆನಪಾಗುವ ಇಂಥದೊಂದು ವಾಸನೆ ನಿಮಗೂ ಇದ್ದೀತು.

ನಮ್ಮ ಮನೆ ಘಣಸೋಲಿಯ ಹಳೆ ಊರಿನ ಕಟ್ಟಕಡೆಗೆ, ಕಡಲು ಒಳನಾಡಿಗೆ ಚಾಚಿದ ಖಾಡಿಯ ಅಂಚಿನಲ್ಲಿತ್ತು. ಫ್ಯಾಕ್ಟರಿ ಕ್ಯಾಂಟೀನು ನಡೆಸುತ್ತಿದ್ದ ದೊಡ್ಡಪ್ಪ, ಕುಂದಾಪುರದ ಹೊಳೆ ಬದಿಯಿಂದ ಬಂದ ದೊಡ್ಡಮ್ಮ, ಅವರ ಮಗಳು ಶಾರದಕ್ಕ, ಅಪ್ಪ, ಅಮ್ಮ, ನಾನು. ಹಿತ್ತಿಲ ಬಾಗಿಲು ತೆರೆದರೆ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳು. ಕೆಸರಿನಿಂದ ಪೆನ್ಸಿಲು ನೆಟ್ಟ ಹಾಗೆ ಮೇಲೆದ್ದ ಅವುಗಳ ಬೇರುಗಳು ಗಾಳಿ ಕುಡಿಯುತ್ತಿದ್ದವು, ನುಗ್ಗಿ ಬಂದ ನೀರನ್ನು ತಡೆದು ಮೆತ್ತಗೆ ಮಾಡುತ್ತಿದ್ದವು. ಮೆತ್ತಗಾದ ನೀರು ಹೊತ್ತು ತಂದ ಮಣ್ಣನ್ನು ಅಲ್ಲೇ ಇಳಿಸುತ್ತಿತ್ತು. ಆ ಮಣ್ಣಿನಲ್ಲಿ ಏಡಿ ಬಿಲ ತೋಡುತ್ತಿತ್ತು, ನೆತ್ತಿಯ ಮೇಲೆ ಕಣ್ಣಿದ್ದ ಪುಟ್ಟ ಮೀನು ಕಪ್ಪೆಯಂತೆ ಕುಪ್ಪಳಿಸುತ್ತಿತ್ತು. ಕಾಂಡ್ಲಾ ಎಲೆ ಕುಡಿದ ಉಪ್ಪನ್ನು ಮೈಮೇಲೇ ಬೆವರುತ್ತದೆಂದು ದೊಡ್ಡಮ್ಮ ತೋರಿಸಿಕೊಟ್ಟ ದಿನ ನಾನು ಎಲೆ ನೆಕ್ಕಿ ನೆಕ್ಕಿ ನಾಲಗೆ ಒರಟು ಮಾಡಿಕೊಂಡಿದ್ದೆ. ಹಿತ್ತಿಲಿನ ಪಕ್ಕದಲ್ಲೊಂದು ಸಣ್ಣ ಕಾಲುವೆ, ಅದರಾಚೆ ತಗ್ಗು. ದೊಡ್ಡ ಭರತದ ನೀರು ಕಾಲುವೆಯಲ್ಲಿ ಬಂದು ಆ ತಗ್ಗಿನಲ್ಲಿ ಹರಡಿಕೊಂಡು ಸುಧಾರಿಸಿ ಹೋಗುತ್ತಿತ್ತು. ಅದು ನೀರಿನ ಚಾವಡಿ ಎನ್ನುತ್ತಿದ್ದರು ದೊಡ್ಡಮ್ಮ.

ನೀರು ಎಷ್ಟು ಗಂಟೆಗೆ ತುಂಬುತ್ತದೆಂದು ತಿಳಿಯಲು ಅವರು ಪಂಚಾಂಗ ನೋಡುತ್ತಿದ್ದರು. ನೆರೆಮನೆಯಲ್ಲಿದ್ದ, ಆ ಊರಿನ ಮೂಲದ ಆಗ್ರಿ ಜನರ ಅಜ್ಜ ಕಲಿಸಿದ ಲೆಕ್ಕ ಅದು. ತಿಥಿಯನ್ನು ಮುಕ್ಕಾಲರಿಂದ ಗುಣಿಸಬೇಕು. ಚೌತಿಗೆ ಮೂರು ಗಂಟೆ, ಅಷ್ಟಮಿಗೆ ಆರು, ಹುಣ್ಣಿಮೆಗೆ ಹನ್ನೊಂದೂಕಾಲು. ಖಾಡಿಯ ಒಳಗೆ ನಮ್ಮಲ್ಲಿಗೆ ತಲುಪಲು ಇನ್ನೊಂದು ಮುಕ್ಕಾಲು ಗಂಟೆ ಸೇರಿಸಿದರೆ ಸರಿಯಾಗಿ ಹನ್ನೆರಡು. ನಾನು ಹಿತ್ತಿಲ ಮೆಟ್ಟಿಲ ಮೇಲೆ ಗಡಿಯಾರ ಹಿಡಿದು ಕೂತು, ಹೇಳಿದ ಹೊತ್ತಿಗೆ ನೀರು ಬಂದಾಗಲೆಲ್ಲ ಕುಣಿದಾಡಿಬಿಡುತ್ತಿದ್ದೆ.

ಶಾರದಕ್ಕನಿಗೆ ಡೊಂಬಿವಲಿಯ ಹುಡುಗ ಗೊತ್ತಾದ. ವೈಶಾಖ ಹುಣ್ಣಿಮೆ, ನಡುಮಧ್ಯಾಹ್ನದ ಅಭಿಜಿನ್ ಲಗ್ನ. ಮಗಳ ಧಾರೆ ತನ್ನ ಅಂಗಳದಲ್ಲೇ ಆಗಬೇಕೆಂದು ದೊಡ್ಡಪ್ಪನಿಗೆ ಹಟ. ಅಂಗಳ ಸಾಲದೆಂದು ಕಾಲುವೆಗೂ ತಗ್ಗಿಗೂ ಮುರಿದ ಕಟ್ಟಡದ ಕಲ್ಲುಮಣ್ಣು ತುಂಬಿಸಿ ಸಮ ಮಾಡಿಸಿದರು. ಪುರೋಹಿತರು ನೋಡಿದ ಪಂಚಾಂಗವನ್ನೇ ನೋಡಿ ದೊಡ್ಡಮ್ಮ ಆ ಹೊತ್ತಿಗೇ ನೀರು ಬರುತ್ತದೆ ಎಂದರು. ಮಂಗಳಕಾರ್ಯಕ್ಕೆ ಅಪಸ್ವರ ತೆಗೆಯಬೇಡ ಎಂದು ದೊಡ್ಡಪ್ಪ ಗದರಿದರು.

ಮದುವೆಯ ದಿನ ಹನ್ನೊಂದೂವರೆಗೆ ಹಾಸಿದ ಜಮಖಾನೆಯ ಅಂಚು ಒದ್ದೆಯಾಯಿತು. ಆಮೇಲೆ ಚಪ್ಪಲಿಗಳು ತೇಲಿದವು. ಚಾವಡಿ ಕಳೆದುಕೊಂಡ ನೀರು ಚಪ್ಪರದೊಳಗೇ ಬಂದು ನೆಂಟರ ಪಾದ ಮುಳುಗಿಸಿತು. ಮಕ್ಕಳಾದ ನಮಗೆ ಹಬ್ಬ. ದೊಡ್ಡಪ್ಪನ ಮುಖದಲ್ಲಿ ರಕ್ತವಿರಲಿಲ್ಲ. ಗಂಡಿನ ತಾಯಿ ಎದ್ದು ನಿಂತು, ಇದೆಂಥ ಶಕುನ, ಧಾರೆ ನಿಲ್ಲಿಸಿ ಎಂದರು. ವಾಲಗ ನಿಂತಿತು. ಮಣೆಯ ಮೇಲೆ ನಿಂತಿದ್ದ ಶಾರದಕ್ಕ ತಾಯಿಯ ಕಡೆ ನೋಡಿದಳು. ಆಗ ದೊಡ್ಡಮ್ಮ ಮಂಟಪದ ಮಾಲೆಯಿಂದ ಒಂದು ಚೆಂಡುಹೂ ಕಿತ್ತು ನೀರಿಗೆ ಬಿಟ್ಟು ಗಂಡಿನ ತಾಯಿಯ ಕಡೆ ತಿರುಗಿದರು.

"ಅಕ್ಕ, ನೀರ್ ಕಾಂಬುದ್ ಬೇಡ, ಹೂ ಕಾಣಿ. ಹುಣ್ಣಿಮಿ ನೀರ್ ಇದ್. ಬಂದ ಹಾಂಗೇ ತಿರ್ಗಿ ಹೋತ್ತ್."

ಹೂವು ಮನೆಯ ಕಡೆಗೆ ತೇಲುತ್ತ ಹೋಯಿತು. ಇನ್ನೂರು ಜನ ಅದನ್ನೇ ನೋಡಿದೆವು. ಅಡುಗೆಯವರ ಹಂಡೆಯ ಹತ್ತಿರ ಅದು ನಿಧಾನವಾಯಿತು, ನಿಂತಿತು. ಎಷ್ಟು ಹೊತ್ತು ನಿಂತಿತೋ, ನನಗೆ ಎದೆ ಒಡೆದುಹೋಗುವಷ್ಟು ಹೊತ್ತು. ಆಮೇಲೆ ತನ್ನಷ್ಟಕ್ಕೆ ಒಂದು ಸುತ್ತು ಸುತ್ತಿ ಕಾಂಡ್ಲಾ ಗಿಡಗಳ ಕಡೆಗೆ ಹೊರಟಿತು. ನಾನು ಕೂಗಿಯೇಬಿಟ್ಟೆ. ಗಂಡಿನ ತಾಯಿ ಹೂವು ದಾಟಿ ಹೋಗುವವರೆಗೆ ನೋಡಿ, ಪತ್ತಲದ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ವಾಲಗ ಊದ್ಲಿಕ್ಕೆ ಹೇಳಿ" ಎಂದರು. ಶಾರದಕ್ಕನ ಧಾರೆ ಇಳಿಯುವ ನೀರಿನಲ್ಲೇ ಆಯಿತು. ಉದುರಿದ ಅಕ್ಷತೆಯನ್ನೆಲ್ಲ ಖಾಡಿ ತೆಗೆದುಕೊಂಡು ಹೋಯಿತು.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಗುದ್ದಲಿ ಹಿಡಿದು ಹಿತ್ತಿಲಿಗೆ ಇಳಿದರು. ತಪ್ಪಾಯಿತೆಂದು ಬಾಯಿಬಿಟ್ಟು ಹೇಳುವ ಜೀವವಲ್ಲ ಅದು. ದೊಡ್ಡಮ್ಮನ ಕಡೆ ತಿರುಗದೆಯೇ "ಎಷ್ಟ್ ಅಗಲ ಬೇಕ್ ಅದ್ಕೆ?" ಎಂದು ಕೇಳಿದರು. ದೊಡ್ಡಮ್ಮ ಪಕ್ಕಕ್ಕೆ ಹೋಗಿ ಎರಡೂ ಕೈ ಚಾಚಿ ನಿಂತು ತೋರಿಸಿದರು. ಅಪ್ಪ ಅಮ್ಮನೂ ಸೇರಿ ತುಂಬಿಸಿದ ಕಲ್ಲುಮಣ್ಣನ್ನು ವಾರವಿಡೀ ಅಗೆದು ತೆಗೆದರು. ಮುಂದಿನ ಅಮಾವಾಸ್ಯೆಗೆ ನೀರು ಕಾಲುವೆಯಲ್ಲಿ ಬಂದಾಗ ನಾನೂ ಅದರ ಜೊತೆ ಜೊತೆಗೇ ತಗ್ಗಿನವರೆಗೂ ಓಡಿದೆ. ಅಷ್ಟು ಸಂತೋಷ ನನಗೆ ಆಮೇಲೆ ಯಾವುದರಲ್ಲೂ ಆಗಿಲ್ಲ.

ಈಗ ಆ ಮನೆ ಇಲ್ಲ. ದೊಡ್ಡಪ್ಪ ಹೋದರು, ಎರಡು ವರ್ಷಕ್ಕೆ ದೊಡ್ಡಮ್ಮನೂ ಹೋದರು. ತಗ್ಗಿದ್ದಲ್ಲಿ ಹದಿನಾಲ್ಕು ಮಾಳಿಗೆಯ ಹೌಸಿಂಗ್ ಸೊಸೈಟಿ ಇದೆ. ಮೊನ್ನೆ ಹುಣ್ಣಿಮೆಯಂದು ಲೆಕ್ಕ ಹಾಕಿಕೊಂಡು ಹನ್ನೆರಡಕ್ಕೆ ಸರಿಯಾಗಿ ಅಲ್ಲಿಗೆ ಹೋದೆ. ನೀರು ಬಂದಿತ್ತು. ಪಾರ್ಕಿಂಗಿನಲ್ಲಿ ಪಾದ ಮುಳುಗುವಷ್ಟು ನಿಂತಿತ್ತು. ವಾಚ್‌ಮನ್ ಪೊರಕೆಯಿಂದ ಗುಡಿಸುತ್ತಿದ್ದ, ಯಾರೋ ಗಟಾರ ತುಂಬಿದೆಯೆಂದು ಫೋನಿನಲ್ಲಿ ಬೈಯುತ್ತಿದ್ದರು. ಅದಕ್ಕೆ ಎಷ್ಟು ಅಗಲ ಬೇಕೆಂದು ಒಬ್ಬರೂ ಕೇಳಲಿಲ್ಲ. ನಾನು ಚಪ್ಪಲಿ ಬಿಚ್ಚಿ ನೀರಿಗಿಳಿದು, ದೊಡ್ಡಮ್ಮ ನಿಂತ ಹಾಗೆ ಎರಡೂ ಕೈ ಚಾಚಿದೆ. ಎರಡು ಕಡೆಯೂ ಬೆರಳಿಗೆ ಕಾರು ತಾಗಿತು.