ಅವಲಕ್ಕಿ ಡಬ್ಬದ ಮೇಲಿನ ಆಕಾಶ

ಗರ್ರ್... ಟಿಣ್. ಆ ವರ್ಷಗಳನ್ನು ನೆನೆದರೆ ನನಗೆ ಮೊದಲು ಕೇಳಿಸುವುದು ಈ ಸದ್ದು. ನಮ್ಮ ಮನೆಯೊಳಗೆ ಫೋನಿಗೆ ಸಿಗ್ನಲ್ ಸಿಗುತ್ತಿದ್ದುದು ಒಂದೇ ಕಡೆ: ಅಡುಗೆಮನೆಯ ಕಿಟಕಿ ಪಕ್ಕ, ಅದೂ ಸ್ಟೀಲಿನ ಅವಲಕ್ಕಿ ಡಬ್ಬದ ಎತ್ತರಕ್ಕೆ. ಹಾಗಾಗಿ ಫೋನು ಇರುತ್ತಿದ್ದುದು ಆ ಡಬ್ಬದ ಮೇಲೇ. ಮುಚ್ಚಳ ಸ್ವಲ್ಪ ಸಡಿಲ. ಕ್ಯಾಲೆಂಡರಿನ ರಿಮೈಂಡರ್ ಬಂದರೆ ಮೊದಲು ಮುಚ್ಚಳ ಗರ್ರ್ ಅನ್ನುತ್ತಿತ್ತು, ಆಮೇಲೆ ಫೋನು ಟಿಣ್ ಅನ್ನುತ್ತಿತ್ತು, ಅದಾದ ಮೇಲೆ ಹಜಾರದಿಂದ ಅಕ್ಕನ ದನಿ.

"ಹೋಗೇ, ನಿನ್ನ ಆಕಾಶ ಕರೀತಿದೆ!"

ಅಕ್ಕ ಅಂದರೆ ನನ್ನ ಓರಗಿತ್ತಿ, ಭಾವನವರ ಹೆಂಡತಿ. ಕಳಸದ ಕಡೆಯವರು. ನಾನು ಚಿಕ್ಕಮಗಳೂರಿನಲ್ಲಿ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಬೆಳೆದು, ಫೋರ್ಕ್ ಹಿಡಿಯಲು ಕಲಿತು, ದೋಸೆ ಹೊಯ್ಯಲು ಮಾತ್ರ ಕಲಿಯದೆ ಮೂಡಿಗೆರೆ ಕಡೆಯ ಈ ಎಸ್ಟೇಟಿಗೆ ಸೊಸೆಯಾಗಿ ಬಂದಾಗ, ನನ್ನ ಕೈ ಹಿಡಿದು ಕಾವಲಿಯ ಮೇಲೆ ಹಿಟ್ಟು ತಿರುಗಿಸಿದವರು ಅವರೇ. "ಇಂಗ್ಲಿಷಲ್ಲಿ ಹೊಯ್ದ್ರೂ ದೋಸೆ ರೌಂಡೇ ಇರ್ಬೇಕು ಮಾರಾಯ್ತಿ" ಅಂದಿದ್ದರು. ನಮ್ಮಿಬ್ಬರ ಗಂಡಂದಿರೂ ತೀರಿಕೊಂಡ ಮೇಲೆ ತೋಟ ಅಕ್ಕನ ಮಗನ ಕೈಗೆ ಬಂತು, ಅಡುಗೆಮನೆ ಅವನ ಹೆಂಡತಿಯ ಕೈಗೆ. ನಾವಿಬ್ಬರು ರಿಟೈರ್ಡ್ ಲೇಡೀಸ್. ಹಜಾರದ ಎರಡು ಬೆತ್ತದ ಕುರ್ಚಿ ನಮ್ಮದು.

ಆಕಾಶದ ಕ್ಯಾಲೆಂಡರ್ ಬಂದದ್ದು ನಮ್ಮ ಸ್ಕೂಲಿನ ಹಳೇ ಹುಡುಗಿಯರ ವಾಟ್ಸಾಪ್ ಗ್ರೂಪಿನಿಂದ. ಮೊಮ್ಮಕ್ಕಳ ಫೋಟೋ, ಮಂಡಿನೋವಿನ ಎಣ್ಣೆ, ಗುಡ್ ಮಾರ್ನಿಂಗ್ ಗುಲಾಬಿಗಳ ಮಧ್ಯೆ ಯಾರೋ ಒಂದು ಲಿಂಕ್ ಹಾಕಿದ್ದರು. ಒತ್ತಿದೆ. ಸಬ್‌ಸ್ಕ್ರೈಬ್ ಮಾಡ್ತೀಯಾ ಅಂತ ಕೇಳಿತು. ಯೆಸ್ ಅಂದೆ. ಅಷ್ಟೇ! ಗ್ಯಾಸ್ ಬುಕ್ಕಿಂಗ್, ನಾಯಿಯ ಇಂಜೆಕ್ಷನ್ನುಗಳ ನಡುವೆ ಇಡೀ ವರ್ಷದ ಆಕಾಶ ಕಿತ್ತಳೆ ಬಣ್ಣದಲ್ಲಿ ಬಂದು ಕೂತುಬಿಟ್ಟಿತು. ಇಂಥ ಸಂಜೆ ಚಂದ್ರನ ಪಕ್ಕ ಶುಕ್ರ, ಇಂಥ ಬೆಳಗಿನ ಜಾವ ಉಲ್ಕಾಪಾತ. ಬೋರ್ಡಿಂಗಿನಲ್ಲಿ ಜಿಯಾಗ್ರಫಿ ಕಲಿಸುತ್ತಿದ್ದ ಸಿಸ್ಟರ್ ಸಂಜೆಯ ಪ್ರೇಯರ್ ಆದ ಮೇಲೆ ನಮ್ಮನ್ನು ಥ್ರೋಬಾಲ್ ಕೋರ್ಟಿನಲ್ಲಿ ಸಾಲಾಗಿ ನಿಲ್ಲಿಸಿ ಓರಾಯನ್ ತೋರಿಸುತ್ತಿದ್ದರು. "ಲುಕ್ ಅಪ್ ಗರ್ಲ್ಸ್, ಬಾಯಿ ಮುಚ್ಚಿಕೊಂಡು ಲುಕ್ ಅಪ್." ಮದುವೆಯಾದ ಮೇಲೆ ನಾನು ತಲೆಯೆತ್ತಿದ್ದು ಮಳೆ ಬರುತ್ತದೋ ಇಲ್ಲವೋ ನೋಡಲು ಮಾತ್ರ. ಹಾಗಾಗಿ ಆ ಕಿತ್ತಳೆ ಬಣ್ಣ ಕಂಡಾಗ ಯಾರೋ ಹಳೇ ಗೆಳತಿ ಗೇಟಿನ ಹತ್ತಿರ ಬಂದು ನಿಂತ ಹಾಗಾಯಿತು.

ತೊಂದರೆಯೆಂದರೆ ಆ ಕ್ಯಾಲೆಂಡರ್ ಮಾಡಿದವರಿಗೆ ನಮ್ಮ ಮಳೆಗಾಲ ಗೊತ್ತಿರಲಿಲ್ಲ. ಆಷಾಢದಲ್ಲಿ, ಹಂಚಿನ ಮೇಲೆ ಮಳೆ ಹುಯ್ಯುವ ಸದ್ದಿಗೆ ಪಕ್ಕದವರ ಮಾತೂ ಕೇಳದಿರುವಾಗ, ಡಬ್ಬದ ಮೇಲೆ ಟಿಣ್. 'ಎಕ್ಸಲೆಂಟ್ ವ್ಯೂಯಿಂಗ್ ಟುನೈಟ್.' ಅದನ್ನು ಅಕ್ಕನಿಗೆ ಓದಿ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಛತ್ರಿ ಹಿಡ್ಕೊಂಡು ಹೋಗಿ ನೋಡು ಮತ್ತೆ."

ಅಕ್ಕನಿಗೆ ಓದಿ ಹೇಳಬೇಕಾಗಿತ್ತು. ಅವರ ಕಣ್ಣು ಹೋಗುತ್ತಿತ್ತು. ಮಂಗಳೂರಿನ ಡಾಕ್ಟರು ನನಗೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅವರಿಗೆ ಕನ್ನಡದಲ್ಲಿ ಹೇಳಿದೆ. ಕಣ್ಣೊಳಗಿನ ಪರದೆಯ ನಡುಭಾಗ ಸವೆದಿದೆ, ಅಂಚು ಚೆನ್ನಾಗಿದೆ. ನೇರ ನೋಡಿದರೆ ಎದುರಿನ ಮುಖದ ಜಾಗದಲ್ಲಿ ಬೂದಿ ಬಣ್ಣದ ಮಚ್ಚೆ. ಸ್ವಲ್ಪ ಪಕ್ಕಕ್ಕೆ ನೋಡಿದರೆ ಆ ಮುಖ ಅಂಚಿನಲ್ಲಿ ಬರುತ್ತದೆ. ಇದಕ್ಕೆ ಆಪರೇಷನ್ ಇಲ್ಲ. ನಿಧಾನವಾಗಿ ಇನ್ನೂ ಸವೆಯುತ್ತದೆ. ಅಂದಿನಿಂದ ಅಕ್ಕ ಯಾರ ಜೊತೆ ಮಾತಾಡಿದರೂ ಅವರ ಕಿವಿಯ ಆಚೆ ಎಲ್ಲೋ ನೋಡುತ್ತಿದ್ದರು. ಪೇಟೆಯಿಂದ ಬಂದ ನೆಂಟರೊಬ್ಬರು ಇವರಿಗೆ ಅಹಂಕಾರ ಬಂತು ಅಂದುಕೊಂಡು ಕಾಫಿ ಮುಗಿಸದೆ ಎದ್ದರು. "ಮುಖ ನೋಡೋಕೆ ಮುಖ ತಿರುಗಿಸ್ಬೇಕು, ಎಂತ ಮಾಡೋದು?" ಅಂದರು ಅಕ್ಕ.

ಗೋಡೆಯ ಮೇಲಿನ ಪಂಚಾಂಗದ ಸಣ್ಣ ಅಕ್ಷರಗಳು ಮೊದಲು ಹೋದವು. ಏಕಾದಶಿ, ಸಂಕಷ್ಟಿ, ಗ್ರಹಣ ಎಲ್ಲ ಅಕ್ಕ ಅಲ್ಲೇ ನೋಡಿಕೊಳ್ಳುತ್ತಿದ್ದುದು. ಇನ್ನೊಬ್ಬರನ್ನು ಕೇಳುವ ಜನ ಅವರಲ್ಲ. ಹಾಗಾಗಿ ಯಾರಿಗೂ ಹೇಳದೆ ನನ್ನ ಡಬ್ಬದ ಸದ್ದನ್ನೇ ಪಂಚಾಂಗ ಮಾಡಿಕೊಂಡಿದ್ದಾರೆ ಅಂತ ನನಗೆ ತಿಳಿದದ್ದು ಗಣಪತಿ ಹಬ್ಬ ಕಳೆದ ಮೇಲಿನ ಒಂದು ಬೆಳಿಗ್ಗೆ.

ಎದ್ದು ಬಂದರೆ ಅಡುಗೆಮನೆಯಲ್ಲಿ ಒಲೆ ಹೊತ್ತಿಸಿಲ್ಲ. ಮೊಸರಿನ ಪಾತ್ರೆಯ ಮೇಲೆ ಗರಿಕೆ, ಉಪ್ಪಿನಕಾಯಿ ಭರಣಿಯ ಮೇಲೆ ಗರಿಕೆ, ಹಾಲಿನಲ್ಲೂ ಗರಿಕೆ. ಅಕ್ಕನ ಸೊಸೆ ಮುಖ ಸಣ್ಣ ಮಾಡಿಕೊಂಡು ನಿಂತಿದ್ದಳು.

"ಚಿಕ್ಕತ್ತೆ, ಗ್ರಹಣ ಅಂತೆ. ಕಾಫಿ ಇಲ್ಲ."

"ಯಾರು ಹೇಳಿದ್ದು?"

"ನಿಮ್ಮ ಫೋನು. ನಿನ್ನೆ ಸಂಜೆ ಟಿಣ್ ಅಂದಿತಲ್ಲ, ಏನು ಬಂತು ನೋಡು ಅಂದ್ರು ಅತ್ತೆ. ಎಕ್ಲಿಪ್ಸ್ ಅಂತ ಇತ್ತು, ಓದಿದೆ."

ಫೋನು ತೆಗೆದು ಪೂರ್ತಿ ಓದಿದೆ. ಪಾರ್ಷಿಯಲ್ ಲೂನಾರ್ ಎಕ್ಲಿಪ್ಸ್, ನಿಜ. ಆದರೆ ಅದು ಕಾಣುವುದು ಅಮೇರಿಕಾದಲ್ಲಿ. ನಮ್ಮಲ್ಲಿ ಆಗಲೇ ಬೆಳಕು ಹರಿದು, ಚಂದ್ರ ಮುಳುಗಿ, ಮೇಸ್ತ್ರಿ ಆಳುಗಳನ್ನು ಲೆಕ್ಕ ಹಾಕುತ್ತಿದ್ದ. ಅಕ್ಕ ಹಜಾರದಲ್ಲಿ ತಲೆಗೆ ನೀರು ಹಾಕಿಕೊಂಡು, ಬರೀ ಹೊಟ್ಟೆಯಲ್ಲಿ, ಕಣ್ಣು ಮುಚ್ಚಿ ಜಪ ಮಾಡುತ್ತಾ ಕೂತಿದ್ದರು.

"ಅಕ್ಕ, ಇದು ಅಮೇರಿಕಾದವರ ಗ್ರಹಣ."

ಕಣ್ಣು ತೆರೆದು ನನ್ನ ಕಿವಿಯ ಆಚೆ ನೋಡಿದರು. "ಹಾಗಾದ್ರೆ ಅಮೇರಿಕಾದವ್ರು ಉಪವಾಸ ಮಾಡ್ಲಿ. ಕಾಫಿ ತಾ."

ಸೊಸೆ ನಗು ತಡೆಯಲಾರದೆ ಒಳಗೆ ಓಡಿದಳು. ನಾವೂ ನಕ್ಕೆವು. ಕಾಫಿ ಅರ್ಧ ಆಗುವಾಗ ಅಕ್ಕ ಲೋಟ ಕೆಳಗಿಟ್ಟು ಹೇಳಿದರು. "ಹುಟ್ಟಿದಾಗಿಂದ ಎಷ್ಟು ಗ್ರಹಣಕ್ಕೆ ಉಪವಾಸ ಮಾಡಿದೀನಿ ನಾನು. ಒಂದನ್ನೂ ನೋಡಿಲ್ಲ ಮಾರಾಯ್ತಿ. ಸಣ್ಣವಳಿದ್ದಾಗ ಅಜ್ಜಿ ಒಳಗೆ ಕೂಡಿ ಹಾಕ್ತಿದ್ರು. ಬಸುರಿಯಾದಾಗ ಕತ್ತಲೆ ಕೋಣೆ. ಆಮೇಲೆ ಗಂಡಸರೆಲ್ಲ ಹೊರಗೆ ಹೋಗಿ ನೋಡ್ಕೊಂಡು ಬರೋರು, ನಾವು ಒಳಗೆ ಪಾತ್ರೆ ತೊಳೆಯೋದು. ಕಣ್ಣಿದ್ದಾಗ ನೋಡ್ಲಿಲ್ಲ." ಲೋಟ ಮತ್ತೆ ಎತ್ತಿಕೊಂಡು, "ಕಣ್ಣು ಪೂರ್ತಿ ಹೋಗೋದ್ರೊಳಗೆ ನಮ್ಮೂರಿನ ಗ್ರಹಣ ಒಂದು ಇದೆಯಾ ನೋಡು ಅದರಲ್ಲಿ" ಅಂದರು.

"ರಾಶಿಗೆ ದೋಷ ಬಂದ್ರೆ?"

"ಈ ವಯಸ್ಸಲ್ಲಿ ಇನ್ನೆಂತ ದೋಷವೇ? ದೋಷಕ್ಕೂ ಹಿಡ್ಕೊಳಕ್ಕೆ ಏನಾದ್ರೂ ಬೇಕಲ್ಲ."

ಅವತ್ತಿನಿಂದ ನನಗೆ ಆ ಕ್ಯಾಲೆಂಡರ್ ಆಟದ ಸಾಮಾನಾಗಿ ಉಳಿಯಲಿಲ್ಲ. ತಿಂಗಳುಗಳನ್ನು ಬೆರಳಿನಲ್ಲಿ ತಳ್ಳುತ್ತಾ ತಳ್ಳುತ್ತಾ ಮುಂದೆ ಹೋದೆ. ಮಾರನೆಯ ವರ್ಷ ಒಂದು ಸಿಕ್ಕಿತು. ಪೂರ್ತಿ ಗ್ರಹಣ, ನಮ್ಮಲ್ಲೇ, ಆದರೆ ಮಳೆಗಾಲ. ಕಾದೆವು. ಅವತ್ತು ಮೋಡ ಅಂಗಳಕ್ಕೇ ಇಳಿದಿತ್ತು. ಗೇಟಿನ ದೀಪವೇ ಕಾಣಲಿಲ್ಲ, ಚಂದ್ರನನ್ನು ಎಲ್ಲಿಂದ ತರುವುದು? ಅಕ್ಕ ಮಲಗಲು ಹೋದರು. ಆ ವರ್ಷದ ಹೊತ್ತಿಗೆ ಅವರು ದೋಸೆ ಮಗುಚುವಾಗ ಅಂಚನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು.

ಮುಂದಿನದು ಹೋಳಿ ಹುಣ್ಣಿಮೆಗೆ. ಕ್ಯಾಲೆಂಡರಿನಲ್ಲಿ ಗ್ರಹಣದ ಹೊತ್ತು ಸಂಜೆ ಐದು ಅಂತಿತ್ತು. ಇನ್ನೊಮ್ಮೆ ಮೋಸ ಹೋಗಬಾರದೆಂದು ಈ ಸಲ ಗೋಡೆಯ ಪಂಚಾಂಗವನ್ನೂ ಓದಿ ಹೇಳಿದೆ. ಅಕ್ಕ ಕೇಳಿ, "ಗ್ರಸ್ತೋದಯ" ಅಂದರು. ಅಂದರೆ ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿರುತ್ತದೆ. ಐದು ಗಂಟೆಗೆ ನಮ್ಮಲ್ಲಿ ಚಂದ್ರನೇ ಇಲ್ಲ. ಅವನು ಮೇಲೆ ಬರುವ ಹೊತ್ತಿಗೆ ಗ್ರಹಣ ಬಿಡುತ್ತಾ ಇರುತ್ತದೆ. ಸಿಕ್ಕಿದರೆ ಕಾಲು ಗಂಟೆ. ಅದೂ ಪೂರ್ವ ದಿಕ್ಕು ಬಯಲಾಗಿರುವ ಕಡೆ ನಿಂತರೆ. ಮನೆಯ ಸುತ್ತ ಸಿಲ್ವರ್ ಓಕ್ ಮರಗಳು. ಬಯಲು ಕಾಣುವುದು ತೋಟದ ತುದಿಯಲ್ಲಿ, ನೀರಿನ ಟ್ಯಾಂಕ್ ಇರುವ ಬ್ಲಾಕಿನಿಂದ; ಅಲ್ಲಿಂದ ಬೇಲೂರಿನ ಕಡೆಯ ಬಯಲುಸೀಮೆ ತೆರೆದುಕೊಳ್ಳುತ್ತದೆ.

ಅದೇ ವಾರ ಮೋಡ ಕಟ್ಟತೊಡಗಿತು. ಹೂ ಮಳೆಯ ಕಾಲ. ಮೊಗ್ಗು ಕಟ್ಟಿ ನಿಂತ ಕಾಫಿ ಗಿಡಕ್ಕೆ ಆಗ ಒಂದು ಒಳ್ಳೆಯ ಮಳೆ ಬಿದ್ದರೆ ಹೂವು, ಬೀಳದಿದ್ದರೆ ಮುಂದಿನ ವರ್ಷದ ಫಸಲೇ ಇಲ್ಲ. ಅಕ್ಕನ ಮಗ ಊಟಕ್ಕೆ ಕೂತವನು ಎದ್ದೆದ್ದು ಹೋಗಿ ಆಕಾಶ ನೋಡುತ್ತಿದ್ದ. ಕಾಫಿ ಮನೆಯವರು ಆ ತಿಂಗಳಲ್ಲಿ ಮಳೆ ಬೇಡ ಅನ್ನುವುದುಂಟೇ!

"ದೇವರ ಹತ್ರ ಎಂತ ಕೇಳ್ಕೊಳ್ಳೋದೇ?" ಅಕ್ಕ ಮೆಲ್ಲಗೆ ಕೇಳಿದರು. "ಬೇಡ ಅಂದ್ರೆ ಮಗನ ಹೊಟ್ಟೆ ಮೇಲೆ ಹೊಡೆದಂಗೆ."

"ಲೇಟಾಗಿ ಬರಲಿ ಅಂತ ಕೇಳ್ಕೊಳ್ಳಿ. ಊಟ ಆದ್ಮೇಲೆ."

"ಹೊರನಾಡಿನ ಅಮ್ಮ ನಮ್ಮನೆ ಟೈಮ್‌ಟೇಬಲ್ ನೋಡ್ಕೊಂಡು ಮಳೆ ಕಳಿಸ್ತಾಳಾ?" ಅಂದರು. ಆದರೂ ಆ ದಿನ ಮುಡಿಪು ಕಟ್ಟುವಾಗ ತುಟಿ ಅಲುಗುತ್ತಿದ್ದದ್ದನ್ನು ನೋಡಿದೆ.

ಸಂಜೆ ಸೊಸೆಯೇ ಜೀಪು ತೆಗೆದಳು. ಹಿಂದೆ ಎರಡು ಪ್ಲಾಸ್ಟಿಕ್ ಕುರ್ಚಿ. "ಊರವ್ರೆಲ್ಲ ಗ್ರಹಣ ಅಂತ ಬಾಗಿಲು ಹಾಕ್ಕೊಂಡ್ರೆ ನಮ್ಮನೆ ಹಿರಿಯರು ಪಿಕ್‌ನಿಕ್ ಹೊರಟಿದಾರೆ" ಅಂದಳು. ಅಕ್ಕ ಗದರಿದರು. "ಸುಮ್ನೆ ಗೇರ್ ಹಾಕೇ. ನಾನಿನ್ನೂ ಉಪವಾಸದಲ್ಲಿದೀನಿ, ಪಿಕ್‌ನಿಕ್ ಅಂತೆ."

ಟ್ಯಾಂಕಿನ ಹತ್ತಿರ ಕುರ್ಚಿ ಹಾಕಿ ಕೂತೆವು. ಬೆನ್ನ ಹಿಂದೆ ಗುಡುಗು. ಎದುರಿಗೆ ಬಯಲಿನ ಮೇಲೆ ಮಬ್ಬು, ಧೂಳು, ಒಂದು ಉದ್ದನೆಯ ಮೋಡ. ಫೋನಿನ ಪ್ರಕಾರ ಚಂದ್ರ ಹುಟ್ಟಿ ಆಗಿತ್ತು. ಎಲ್ಲಿ? ಏನೂ ಇಲ್ಲ. ನನಗೆ ಒಂದು ವಾರದಿಂದ ಒಳಗೊಳಗೇ ಕೊರೆಯುತ್ತಿದ್ದ ಯೋಚನೆ ಆಗ ಮತ್ತೆ ಬಂತು. ಚಂದ್ರ ಬಂದು ಅಕ್ಕನಿಗೆ ಕಾಣದಿದ್ದರೆ ನಾನು ಏನು ಹೇಳಬೇಕು? ಬಣ್ಣಿಸಿ ಹೇಳಿಬಿಡಲೇ?

ಅಕ್ಕನಿಗೆ ಅದು ಗೊತ್ತಾಗಿತ್ತೇನೋ. "ನೋಡು, ನೀನು ಬಾಯಿ ಬಿಡಬಾರ್ದು. ಹಾಗಿದೆ ಹೀಗಿದೆ ಅಂತ ಕಾಮೆಂಟರಿ ಬೇಡ. ನಾನು ಹೇಳ್ತೀನಿ. ಸರಿಯೋ ತಪ್ಪೋ ಅಷ್ಟೇ ನೀನು ಹೇಳ್ಬೇಕು. ಸುಳ್ಳು ಮಾರ್ಕ್ಸ್ ಕೊಡ್ಬೇಡ."

"ಎಕ್ಸಾಮಾ ಅಕ್ಕ?"

"ಹೂಂ, ಎಕ್ಸಾಮೇ."

ಮೋಡದ ಮೇಲಂಚಿನಲ್ಲಿ ಚಂದ್ರ ತೊಳೆದಿಡದ ತಾಮ್ರದ ತಟ್ಟೆಯ ಬಣ್ಣದಲ್ಲಿ ಎದ್ದ. ನಾನು ಕೈ ಬಾಯಿಗೆ ಒತ್ತಿಕೊಂಡು ಸುಮ್ಮನಿದ್ದೆ. ಅಕ್ಕ ಮುಖವನ್ನು ಮೊದಲು ಬಲಕ್ಕೆ ತಿರುಗಿಸಿದರು, ಟ್ಯಾಂಕಿನ ಕಡೆಗೆ. ಆಮೇಲೆ ಸ್ವಲ್ಪ ಹಿಂದಕ್ಕೆ. ಗಲ್ಲ ಎತ್ತಿದರು, ಇಳಿಸಿದರು. ರೇಡಿಯೋದ ಸ್ಟೇಷನ್ ಹುಡುಕುತ್ತಾರಲ್ಲ, ಹಾಗೆ. ಸೊಸೆ ಜೀಪಿನ ಬಾನೆಟ್ಟಿಗೆ ಒರಗಿ ಉಗುರು ಕಚ್ಚುತ್ತಿದ್ದಳು. ಗ್ರಹಣ ಬಿಡುತ್ತಾ ಇತ್ತು. ನಾನು ನೋಡುತ್ತಿದ್ದಂತೆಯೇ ಚಂದ್ರನ ಅಂಚಿನ ಕಪ್ಪು ಕಚ್ಚು ಚಿಕ್ಕದಾಗುತ್ತಿತ್ತು. ಬೇಗ ಅಕ್ಕ, ಬೇಗ, ಅಂತ ಮನಸ್ಸಿನಲ್ಲೇ ಹೇಳಿಕೊಂಡೆ.

"ಇದೆ" ಅಂದರು.

ಸೊಸೆ ಬಾನೆಟ್ ಬಿಟ್ಟು ನೆಟ್ಟಗೆ ನಿಂತಳು.

"ಕೆಂಪಗಿದೆ. ರೌಂಡಿಲ್ಲ. ಮೇಲ್ಗಡೆ... ಮೇಲ್ಗಡೆ ಎಡಕ್ಕೆ ಯಾರೋ ಕಚ್ಚಿದಂಗಿದೆ. ನೀನು ಹೊಯ್ದ ಮೊದಲನೇ ದೋಸೆ ಹಂಗೆ." ಮುಖ ಟ್ಯಾಂಕಿನ ಕಡೆಗೇ ಇತ್ತು. "ಸರಿಯಾ ತಪ್ಪಾ?"

"ಸರಿ" ಅಂದೆ.

"ಸುಳ್ಳಲ್ಲ ತಾನೇ?"

"ಸುಳ್ಳಲ್ಲ ಅತ್ತೆ!" ಸೊಸೆ ಕೂಗಿದಳು. "ಮೇಲೆ ಎಡಕ್ಕೇ ಇದೆ!"

ಅಕ್ಕ ಅಲುಗಾಡಲಿಲ್ಲ. ಸ್ವಲ್ಪ ಅಲುಗಿದರೂ ತಪ್ಪಿಹೋಗುತ್ತದೆಂಬಂತೆ ಕತ್ತು ಬಿಗಿಹಿಡಿದು, ಆ ಕಚ್ಚು ಪೂರ್ತಿ ತುಂಬಿಕೊಳ್ಳುವವರೆಗೆ ಕೂತರು. "ಇಷ್ಟೇನಾ?" ಅಂದರು ಕೊನೆಗೆ. "ಇಷ್ಟಕ್ಕೇ ನಮ್ಮನ್ನ ಒಳಗೆ ಹಾಕ್ತಿದ್ರಾ? ಚೆನ್ನಾಗಿದೆಯಲ್ಲ!"

ಮನೆಗೆ ಬಂದು ಇಬ್ಬರೂ ತಲೆಗೆ ನೀರು ಹಾಕಿಕೊಂಡು ಬಿಸಿ ಅನ್ನ ಸಾರು ಉಂಡೆವು. ಕೈ ತೊಳೆಯುವಾಗ ಹಂಚಿನ ಮೇಲೆ ಮೊದಲ ಹನಿಗಳು ಬಿದ್ದವು. ಅಕ್ಕನ ಮಗ ಮಳೆಮಾಪಕದ ಹತ್ತಿರ ಟಾರ್ಚ್ ಹಿಡಿದು ಮಗುವಿನ ಹಾಗೆ ಓಡಾಡುತ್ತಿದ್ದ. "ಲೇಟಾಗಿ ಅಂದಿದ್ದೆ, ಲೇಟಾಗೇ ಬಂತು ನೋಡು" ಅಂತ ಅಕ್ಕ ನನ್ನ ಸೊಂಟ ತಿವಿದರು.

ಅದಾಗಿ ಸ್ವಲ್ಪ ದಿನಕ್ಕೆ ಮಂಗಳೂರಿನಲ್ಲಿದ್ದ ಮಗಳು ಬಂದು ಅಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಕಣ್ಣನ್ನು ಇನ್ನೊಬ್ಬ ಡಾಕ್ಟರಿಗೆ ತೋರಿಸಿ, ಸ್ವಲ್ಪ ದಿನ ಇಟ್ಟುಕೊಂಡು ಕಳಿಸುತ್ತೇನೆ ಅಂತ. ಮಳೆಗಾಲ ಹಿಡಿದ ಮೇಲೆ ಒಂದು ದಿನ ಅಲ್ಲೇ, ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಘಾಟಿಯಲ್ಲಿ ಗುಡ್ಡ ಕುಸಿದು ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಡಬ್ಬದ ಮೇಲೆ ಫೋನು ಈಗಲೂ ಗರ್ರ್, ಟಿಣ್ ಅನ್ನುತ್ತದೆ. ಹಜಾರದ ಕಡೆಗೆ ಒಂದು ಕ್ಷಣ ಕಿವಿ ಕೊಟ್ಟು, ಆಮೇಲೆ ಹೋಗಿ ನೋಡುತ್ತೇನೆ.

ಹಾಗಾಗಿ ನಾನು ಅಕ್ಕನನ್ನು ಕೊನೆಯ ಸಲ ನೋಡಿದ್ದು ಅವರು ಹೊರಟ ಬೆಳಿಗ್ಗೆ. ಗ್ರಹಣದ ರಾತ್ರಿಯ ಮಳೆಗೆ ಕಾಫಿ ಹೂವು ಬಿಟ್ಟಿತ್ತು. ಗೇಟಿನವರೆಗೂ ಎರಡೂ ಕಡೆ ಗಿಡಗಳು ಬಿಳಿ, ಜೇನುನೊಣಗಳ ಗುಂಯ್ ಸದ್ದು. ಕಾರಿನ ಕಿಟಕಿ ಇಳಿಸಿ ಕೂತಿದ್ದರು. ಅವರ ಮಗಳು ಸ್ಟೀರಿಂಗಿನ ಹಿಂದಿನಿಂದ, "ಚಿಕ್ಕಮ್ಮ ಈ ಕಡೆ ನಿಂತಿದಾರೆ ಅಮ್ಮ, ನೀನು ಹೂವು ನೋಡ್ತಿದೀಯಲ್ಲ" ಅಂದಳು. ಅಕ್ಕ ಮುಖವನ್ನು ಇನ್ನೂ ಸ್ವಲ್ಪ ಹೂವಿನ ಕಡೆಗೆ ತಿರುಗಿಸಿದರು, ಗಲ್ಲ ಎತ್ತಿದರು, ಇಳಿಸಿದರು, ಸ್ಥಿರವಾದರು.

"ಇದೀಯ" ಅಂದರು.

ಕಾರು ತಿರುವಿನಲ್ಲಿ ಮರೆಯಾಗುವವರೆಗೆ ನಾನು ಅಲುಗದೆ ನಿಂತಿದ್ದೆ.