ಸಿದ್ರಾಮ ಮಾಸ್ತರರ ತಲೆಯ ಮೇಲಿನ ತೊಲೆ

1963ರ ಜನವರಿಯ ಒಂದು ರವಿವಾರ, ಬೆಳಿಗ್ಗೆ ಏಳು ಗಂಟೆ ಐವತ್ತು ನಿಮಿಷಕ್ಕೆ, ಕೊಲ್ಹಾಪುರದ ಹೊರಗಿನ ಗಾಲ್ಫ್ ಮಾಳದಲ್ಲಿ ಸಿದ್ರಾಮ ಮಾಸ್ತರರು ಮೊಣಕಾಲೂರಿ ಕುಳಿತು ಶಿಷ್ಯನ ಎಡ ಬೂಟಿಗೆ ಒಂದು ಇಟ್ಟಂಗಿ ತಾಗಿಸಿ ಇಡುತ್ತಿದ್ದರು. ಕೋಲು ಬೀಸುವಾಗ ಆ ಕಾಲು ಜಾರುತ್ತದೆಯೇ ಎಂದು ನೋಡಬೇಕಾಗಿತ್ತು. ಕಾಲು ಜಾರಲಿಲ್ಲ. ಚೆಂಡು ಮಾತ್ರ ಎಂದಿನಂತೆ ಬಲಕ್ಕೆ ಬಾಗಿ ಜಾಲಿಕಂಟಿಯೊಳಗೆ ಬಿತ್ತು.

ಶಿಷ್ಯ ಅಭಯಕುಮಾರ, ಇಚಲಕರಂಜಿಯವನು. ವಿದ್ಯುತ್ ಮಗ್ಗಗಳ ಮಾಲೀಕ. ಕೆಟ್ಟ ಮಗ್ಗವನ್ನು ತಾನೇ ಬಿಚ್ಚಿ ಜೋಡಿಸುವವನು. ಆರಡಿಯ ಆಳು. ಪ್ರತಿ ರವಿವಾರ ಮೋಟಾರ್‌ಸೈಕಲ್ ಮೇಲೆ ಬರುತ್ತಿದ್ದ. ಮುಂದಿನ ತಿಂಗಳು ಬೆಳಗಾವಿಯವರೊಡನೆ ಪಂದ್ಯವಿತ್ತು. ಆಡುವವರ ಹೆಸರನ್ನು ಅಂದೇ ಚಹಾದ ಹೊತ್ತಿಗೆ ಗೊತ್ತುಮಾಡುವುದಿತ್ತು. ತನ್ನ ಹೆಸರು ಅದರಲ್ಲಿ ಇರಬೇಕೆಂದು ಅವನಿಗೆ ಬಹಳ ಆಸೆ.

ಮಾಸ್ತರರದು ಒಂದು ಕ್ರಮ. ಒಂದು ರವಿವಾರಕ್ಕೆ ಒಂದೇ ತಿದ್ದುಪಡಿ. ಎರಡು ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ ಎನ್ನುತ್ತಿದ್ದರು. ಮೊದಲು ಹಿಡಿತ ನೋಡಿದರು, ಆಮೇಲೆ ಬಗಲಲ್ಲಿ ಕರವಸ್ತ್ರ ಸಿಕ್ಕಿಸಿ ತೋಳು ನೋಡಿದರು, ಈಗ ಕಾಲು. ಎಲ್ಲ ಸರಿಯಿದ್ದವು. ಆದರೂ ಕೋಲು ಭುಜದ ಮೇಲೇರುವಾಗ ಅಭಯಕುಮಾರನ ಬಲ ಮೊಣಕೈ ಒಮ್ಮೆಲೇ ಪಕ್ಕೆಗೆ ಅಂಟಿ, ತಲೆ ನಾಲ್ಕು ಬೆರಳು ತಗ್ಗುತ್ತಿತ್ತು. ಪಾಠದ ಕೊನೆಗೆ ಮಾಸ್ತರರು ಪ್ರತಿ ಸಲವೂ "ಈಗ ನನ್ನ ನೋಡ್ರಿ" ಎಂದು ತಾವೇ ಒಂದು ಹೊಡೆತ ಹೊಡೆದು ತೋರಿಸುತ್ತಿದ್ದರು.

ಡಿಸೆಂಬರಿನಲ್ಲಿ ಒಮ್ಮೆ ತಾಳ್ಮೆ ತಪ್ಪಿ, ಆಟಗಾರರ ಕೋಲಿನ ಚೀಲ ಹೊರುವ ಕ್ಯಾಡಿಗಳ ಎದುರಿಗೇ ಅಂದಿದ್ದರು: "ಸಾವಕಾರ್ರ, ನಿಮ್ಮ ಮೈಯಾಗ ಮಗ್ಗ ಹೊಕ್ಕೈತ್ರಿ. ಲಾಳಿ ಒಗದಂಗ ಜಗ್ಗತೀರಿ. ಅದ ಹೊರಗ ಬರೂತನಕಾ ಚೆಂಡ ನೆಟ್ಟಗ ಹೋಗೂದಿಲ್ಲ." ಕ್ಯಾಡಿಗಳು ನಕ್ಕರು. ಮುಂದಿನ ವಾರದ ಹೊತ್ತಿಗೆ ಕ್ಲಬ್ಬಿನ ಸದಸ್ಯರೆಲ್ಲ ಅಭಯಕುಮಾರನನ್ನು, ಮಗ್ಗದ ಸದ್ದು ಹಿಡಿದು, 'ಖಟಾಖಟ್' ಎಂದೇ ಕರೆಯುತ್ತಿದ್ದರು.

ಈಗ ಅವನು ಇಟ್ಟಂಗಿಯ ಕಡೆ ನೋಡುತ್ತ ಮೆಲ್ಲಗೆ ಹೇಳಿದ: "ಮಾಸ್ತರ, ನೀವು ಅಂದಾಗಿಂದ ಮಗ್ಗಕ್ಕ ಕೈ ಹಚ್ಚಿಲ್ರಿ. ಮುಕಾದಮನ ಕಡಿಂದ ಎಲ್ಲಾ ಮಾಡಸಾಕತ್ತೇನಿ. ಮಂದಿ ನಗಾಕತ್ತಾರ, ಮಾಲಕಗ ಮಗ್ಗದ ಅಂಜಿಕಿ ಬಂತು ಅಂತ. ಆದ್ರೂ ಹೋಗವಲ್ದಲ್ರಿ ಇದು."

ಮಾಸ್ತರರು ಇಟ್ಟಂಗಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು. "ಬರ್ರಿ, ನನ್ನ ಜೋಡಿ ಬೀಸ್ರಿ" ಎಂದು ಪಕ್ಕದಲ್ಲಿ ನಿಂತರು.

ಇಬ್ಬರ ಬೆನ್ನಿಗೂ ಬಿಸಿಲು. ಆ ಹೊತ್ತಿನ ಸೂರ್ಯ ಆಳೆತ್ತರದ ಐದು ಪಟ್ಟು ನೆರಳನ್ನು ಚೆಲ್ಲುತ್ತದೆ. ತಲೆ ನಾಲ್ಕು ಬೆರಳು ತಗ್ಗಿದರೆ ನೆರಳು ಒಂದು ಗೇಣಿಗಿಂತ ಹೆಚ್ಚು ಹಿಂದೆ ಸರಿಯುತ್ತದೆ. ಕೋಲುಗಳು ಮೇಲೇರಿದವು. ಹುಲ್ಲಿನ ಮೇಲೆ ಎರಡು ಮೊಣಕೈ ಒಟ್ಟಿಗೆ ಒಳಗೆ ಸರಿದವು, ಎರಡು ತಲೆ ಒಟ್ಟಿಗೆ ತಗ್ಗಿದವು. ಮಾಸ್ತರರು ಅರ್ಧಕ್ಕೇ ನಿಂತರು. ಅಭಯಕುಮಾರನನ್ನು ಸುಮ್ಮನೆ ನಿಲ್ಲಿಸಿ ತಾವೊಬ್ಬರೇ ಬೀಸಿ ನೆರಳು ನೋಡಿದರು. ತಲೆ ತಗ್ಗಿತು. ಬೇಕೆಂದೇ ನಿಧಾನವಾಗಿ ಬೀಸಿದರು. ಆಗಲೂ ತಗ್ಗಿತು.

ಕಾರಣ ಹುಡುಕಲು ಅವರು ದೂರ ಹೋಗಬೇಕಾಗಿರಲಿಲ್ಲ. ಸಂಸ್ಥಾನದ ಕಾಲದಲ್ಲಿ ಅಕಿವಾಟ ಎಂಬ ಹಳ್ಳಿಯಿಂದ ಈ ಮಾಳಕ್ಕೆ ಚೀಲ ಹೊರುವ ಕೆಲಸಕ್ಕೆ ಬಂದಾಗ ಅವರಿಗೆ ಹದಿಮೂರು ವರ್ಷ. ಕ್ಯಾಡಿಗಳು ಮಾಳದಲ್ಲಿ ಕೋಲು ಬೀಸುವಂತಿರಲಿಲ್ಲ. ಸಾಹೇಬನೊಬ್ಬ ಬಿಸಾಡಿದ ಮುರುಕು ಕೋಲಿಗೆ ಕಟ್ಟು ಹಾಕಿ, ಮಲಗಲು ಜಾಗ ಕೊಟ್ಟಿದ್ದ ಗೌಳಿಯ ಎಮ್ಮೆಕೊಟ್ಟಿಗೆಯಲ್ಲಿ ಕಲಿತರು. ಕೊಟ್ಟಿಗೆಗೆ ಅಡ್ಡವಾಗಿ ತಲೆಯ ಮೇಲೆ ತಗ್ಗಾಗಿ ಒಂದು ತೊಲೆಯಿತ್ತು. ಕೋಲು ತೊಲೆಗೆ ಬಡಿದರೆ ಎಮ್ಮೆ ಬೆದರುತ್ತಿತ್ತು, ಗೌಳಿ ಬೈಯುತ್ತಿದ್ದ. ಹಾಗಾಗಿ ಮೊಣಕೈ ಎಳೆದುಕೊಂಡು ತಲೆ ತಗ್ಗಿಸಿ ಬೀಸುವುದು ಮೈಗೆ ರೂಢಿಯಾಯಿತು. ಕೊಟ್ಟಿಗೆ ಎಂದೋ ಬಿದ್ದುಹೋಗಿತ್ತು. ಗಿಡ್ಡ ಆಳಾದ ಅವರು ಮಣಿಕಟ್ಟು ತಿರುವಿ ಚೆಂಡನ್ನು ಹೇಗೋ ನೆಟ್ಟಗೆ ಕಳಿಸುತ್ತಿದ್ದರು. ಎತ್ತರದವನಿಗೆ ಅದು ಸಾಧ್ಯವಿರಲಿಲ್ಲ. ಇಲ್ಲದ ತೊಲೆಗೆ ಅಭಯಕುಮಾರ ಇಚಲಕರಂಜಿಯಿಂದ ಬಂದು ಬಂದು ತಲೆ ತಗ್ಗಿಸುತ್ತಿದ್ದ.

ಅಂದಿನಿಂದ, 1969ರಲ್ಲಿ ಕೆಲಸ ಬಿಡುವತನಕ, ಮಾಸ್ತರರು ಯಾವ ಶಿಷ್ಯನ ಮುಂದೆಯೂ ಕೋಲು ಬೀಸಲಿಲ್ಲ. ಹಿಂದೆ ನಿಂತು, ಮೊಣಕೈ ಕೆಳಗೆ ಅಂಗೈ ಕೊಟ್ಟು, "ಎತ್ರಿ, ಮ್ಯಾಲೆ ಏನೂ ಇಲ್ಲ" ಎನ್ನುತ್ತಿದ್ದರು. ಬೇಸಿಗೆಯ ಹೊತ್ತಿಗೆ ಅಭಯಕುಮಾರನ ಚೆಂಡು ನೆಟ್ಟಗಾಯಿತು.

ಆದರೆ ಆ ರವಿವಾರ ಅವರು ಚಹಾದ ತಗಡಿನ ಶೆಡ್ಡಿಗೆ ಹೋದದ್ದು ಕಿವಿಯವರೆಗೆ ಬಿಸಿಯಾದ ಮುಖ ಹೊತ್ತುಕೊಂಡು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಶಿಷ್ಯನನ್ನು ಸದ್ದಿಲ್ಲದೆ ತಿದ್ದಿದ್ದರೆ ಹೊಗಳಿಕೆಯೂ ಬರುತ್ತಿತ್ತು. ಒಳಗೆ ಗಡಹಿಂಗ್ಲಜದ ವಕೀಲ ಬಾಳಾಸಾಹೇಬ ಹೆಸರು ಬರೆಯುತ್ತ ಕುಳಿತಿದ್ದರು. ಅವರೂ ಮಾಸ್ತರರ ಹಳೆಯ ಶಿಷ್ಯರೇ.

"ಯಾ, ಯಾ, ಖಟಾಖಟ್!" ಎಂದು ಮರಾಠಿಯಲ್ಲಿ ಬರಮಾಡಿಕೊಂಡರು ಅವರು, ಅಭಯಕುಮಾರನನ್ನು ನೋಡಿ. "ಮಗ್ಗ ಬಂದ್ ಆತೋ, ಎರಡನೇ ಪಾಳಿನೂ ನಡದೈತೋ? ನಿನ್ನ ಬೆಳಗಾಂವಿಗೆ ಕಳಸಿದ್ರ ಅಲ್ಲೂ ಧೋತರ ನೇಯ್ದ ಬರ್ತಿ."

ಎಲ್ಲರೂ ನಕ್ಕರು. ಅಭಯಕುಮಾರನೂ ನಗಲು ನೋಡಿದ.

"ನಗಬ್ಯಾಡ್ರಿ" ಎಂದರು ಮಾಸ್ತರರು. ಅವರು ಸದಸ್ಯರಿಗೆ ಎದುರು ಮಾತಾಡಿದ್ದು ಅದೇ ಮೊದಲು. "ಆ ಮಾತ ಹುಟ್ಟಿಸಿದಾಂವ ನಾನರಿ. ಸುಳ್ಳ ಐತಿ ಅದು. ಇವ್ರ ಮೈಯಾಗ ಮಗ್ಗ ಇಲ್ಲ. ನನ್ನ ಮೈಯಾಗ ಎಮ್ಮಿಕೊಟ್ಟಿಗಿ ಐತಿ. ನಾ ತೋರಿಸಿದ್ದ ಇವ್ರು ಕಲ್ತಾರ. ನಾನ ಕಲಿಸಿ ನಾನ ಬೈದ್ಯಾ, ಮಂದ್ಯಾಗ ನಗಿ ಮಾಡ್ದ್ಯಾ." ತೊಲೆಯ ಸಂಗತಿಯನ್ನೂ ತಲೆಯೆತ್ತದೆ ಹೇಳಿ ಮುಗಿಸಿದರು.

ಅಭಯಕುಮಾರ ಕೇಳಿದ: "ಹಂಗಾದ್ರ ನಾಳೆ ನಾ ಮಗ್ಗ ಮುಟ್ಟಬಹುದೇನ್ರಿ, ಮಾಸ್ತರ?"

"ಮುಟ್ರಿ, ಯಪ್ಪಾ" ಎಂದರು ಮಾಸ್ತರರು. ಆ ಪ್ರಶ್ನೆಗಿಂತ ಬೈಗುಳ ಹಗುರವಾಗಿರುತ್ತಿತ್ತು.

ಬಾಳಾಸಾಹೇಬರು ಎದ್ದು, ಕೈಯಲ್ಲಿದ್ದ ಊರುಗೋಲನ್ನು ನಿಧಾನವಾಗಿ ಭುಜದ ಮೇಲೆ ಎತ್ತಿದರು. ಅವರ ಬಲ ಮೊಣಕೈ ತಾನಾಗಿಯೇ ಪಕ್ಕೆಗೆ ಬಂದು ಅಂಟಿತು. ಅದನ್ನು ಬೇರೆಯವರ ಕೈಯನ್ನು ನೋಡುವಂತೆ ನೋಡಿದರು. ಆ ಮಾಳದಲ್ಲಿ ಎಲ್ಲರ ಚೆಂಡೂ ಬಲಕ್ಕೆ ಸರಿಯುತ್ತಿತ್ತು. ಗಾಳಿಯ ಕಾಟವೆಂದು ಎಲ್ಲರೂ ಎಡಕ್ಕೆ ಗುರಿಯಿಡುತ್ತಿದ್ದರು.

"ಅಂದ್ರ ಮಾಸ್ತರ, ಗಾಳಿ?"

"ಗಾಳಿ ಅಲ್ರಿ ಅದು."

"ಅರೇ ದೇವಾ." ಬಾಳಾಸಾಹೇಬರು ಕುಳಿತು, ಅಭಯಕುಮಾರನ ಹೆಸರನ್ನು ಬರೆದುಕೊಂಡರು. "ಎಲ್ಲಾರ್ಗೂ ಒಂದ ರೋಗ ಅಂದಮ್ಯಾಲೆ ಇವನ್ನೊಬ್ಬನ್ನ ಯಾಕ ಬಿಡೂದು?" ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು: "ಇಲ್ಲೀತನಕಾ ಎಷ್ಟ ಮಂದಿಗೆ ಕಲಿಸೀರಿ ಇದನ್ನ?"

ಮಾಸ್ತರರು ಬೆರಳಿನ ಗೆಣ್ಣುಗಳ ಮೇಲೆ ಒಬ್ಬೊಬ್ಬರನ್ನೇ ನೆನೆದರು. ಪುಣೆಗೆ ಹೋದವರು, ಮುರಗೂಡದ ಸಾವಕಾರ, ಆಗಲೇ ತೀರಿಕೊಂಡಿದ್ದ ಇಬ್ಬರು. ಯಾರ ಮುಖವನ್ನೂ ನೋಡದೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು:

"ಹದಿನೇಳ ಮಂದಿಗೆ ರೀ."